ಠಾಣೆಯ ವಿದ್ಯಾಧರರು: ಖಡ್ಗ-ಮಾಯೆಗಳ ಕಥನದ ಆಕರ್ಷಣೆ

ಖಡ್ಗಧಾರಿಯಾದ ವೀರನೂ ಮಾಯಾಶಕ್ತಿಯೂ ಎದುರಾಗುವ ಕಿರುಕಾದಂಬರಿಗಳನ್ನು ಪಾಶ್ಚಾತ್ಯ ಪ್ರಕಾರವೆಂದೇ ಭಾವಿಸುವ ರೂಢಿಯಿದೆ. ಇಂತಹ ಕಥನದ ಆಕರ್ಷಣೆ ಎಲ್ಲಿದೆ ಎಂಬುದನ್ನು ಅರಿಯಲು ಹನ್ನೊಂದನೆಯ ಶತಮಾನದ ಠಾಣೆಯ ಆಸ್ಥಾನವನ್ನು ನೋಡುವುದು ಉಪಯುಕ್ತ.

ಅಂದಿನ ಸ್ಥಾನಕವೇ ಇಂದಿನ ಠಾಣೆ. ಅಲ್ಲಿಂದ ಉತ್ತರ ಕೊಂಕಣವನ್ನಾಳಿದ ಶಿಲಾಹಾರರು ತಮ್ಮನ್ನು ವಿದ್ಯಾಧರ ಜೀಮೂತವಾಹನನ ವಂಶಜರೆಂದು ಕರೆದುಕೊಂಡರು. ಅವರ ಸಂಸ್ಕೃತ ಶಾಸನಗಳಲ್ಲಿಯೂ 'ಮಲಗಲಗಂಡ'ದಂತಹ ಕನ್ನಡ ಬಿರುದುಗಳು ಉಳಿದಿರುವುದು ಹೊರನಾಡಿನ ಸಂಶೋಧಕರು ಗಮನಿಸಬೇಕಾದ ಸಂಗತಿ. ಕಲ್ಯಾಣದ ನೆರೆಯ ಅಂಬರನಾಥ ದೇಗುಲದ ಶಕ 982ರ (ಕ್ರಿ.ಶ. 1060) ಶಾಸನ ಈ ಮನೆತನದ ಮುಮ್ಮುಣಿಯ ಕಾಲದ್ದು.

ವಿದ್ಯಾಧರರೆಂದರೆ ಮಂತ್ರವಿದ್ಯೆಯನ್ನು ಧರಿಸಿದವರು. ಮನುಷ್ಯನೂ ಆ ಪದವಿಗೆ ಏರಬಹುದು. ಅದಕ್ಕೆ ಹಲವೊಮ್ಮೆ ಸಾಧನ ಖಡ್ಗವೇ. ಅದೇ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಚಿಸಿದ 'ಕಥಾಸರಿತ್ಸಾಗರ'ದಲ್ಲಿ ಇಂದೀವರಸೇನನೆಂಬ ರಾಜಕುಮಾರನಿಗೆ ವಿಂಧ್ಯವಾಸಿನಿಯು ಖಡ್ಗವನ್ನು ದಯಪಾಲಿಸುತ್ತಾಳೆ. ಅದರಿಂದ ಅವನು ರಾಕ್ಷಸರನ್ನೂ ಗೆಲ್ಲುತ್ತಾನೆ. ಆದರೆ ಈರ್ಷ್ಯೆಗೊಂಡ ಪತ್ನಿಯೊಬ್ಬಳು ಆ ಖಡ್ಗವನ್ನು ಬೆಂಕಿಗೆ ಎಸೆದೊಡನೆ ಅದು ಕಾಂತಿಗುಂದುತ್ತದೆ, ವೀರ ಮೂರ್ಛೆಹೋಗುತ್ತಾನೆ. ಶತ್ರುಗಳಿಂದ ಆಗದ ಕೆಲಸ ಅಂತಃಪುರದ ಒಂದು ಮುನಿಸಿನಿಂದ ಆಯಿತು! ಈ ಪ್ರಕಾರದ ಸೆಳೆತ ವೀರನ ಬಲದಲ್ಲಿಲ್ಲ, ಆ ಬಲ ಎರವಲಿನದು ಎಂಬ ಅರಿವಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಈ ಅರಿವು ಶಿಲಾಹಾರರಿಗೆ ಕೇವಲ ಕಥೆಯ ಮಾತಾಗಿರಲಿಲ್ಲ. 1024ರ ಮಿರಜ ಶಾಸನದಂತೆ ಚಾಲುಕ್ಯ ಜಯಸಿಂಹನು ಏಳು ಕೊಂಕಣಗಳ ಅಧಿಪತಿಗಳ ಸರ್ವಸ್ವವನ್ನು ಅಪಹರಿಸಿದನು. ಅವನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನೇ ಕನ್ನಡ 'ಪಂಚತಂತ್ರ'ದ ಕರ್ತೃ. ಗೆದ್ದವರಿಗೆ ನೀತಿಕಥೆ, ಸೋತವರಿಗೆ ಅದ್ಭುತಕಥೆ ಎಂದು ಸರಳೀಕರಿಸುವುದು ಸಲ್ಲದು, ನಿಜ. ಆದರೂ ಠಾಣೆಯ ಆಸ್ಥಾನ ಆಶ್ರಯವಿತ್ತದ್ದು ಲಾಟದೇಶದ ಕವಿ ಸೋಡ್ಢಲನಿಗೆ. ಚಿತ್ತರಾಜ, ನಾಗಾರ್ಜುನ, ಮುಮ್ಮುಣಿ ಎಂಬ ಮೂವರು ಸೋದರ ಅರಸರ ಮನ್ನಣೆ ಪಡೆದ ಆತನ 'ಉದಯಸುಂದರೀಕಥೆ' ಪ್ರತಿಷ್ಠಾನದ ಅರಸ ಮಲಯವಾಹನನೂ ನಾಗಕನ್ಯೆ ಉದಯಸುಂದರಿಯೂ ಒಂದಾಗುವ ಚಂಪೂಕಾವ್ಯ. ನಾಗನೊಬ್ಬನ ಪ್ರಾಣವುಳಿಸಲು ಜೀಮೂತವಾಹನನು ಗರುಡನಿಗೆ ತನ್ನ ದೇಹವನ್ನೇ ಒಪ್ಪಿಸಿದನೆಂಬುದು ಪ್ರಸಿದ್ಧ ಕಥೆ. ಹೀಗಾಗಿ ಆ ಸಭೆಗೆ ನಾಗಲೋಕವು ಪರಲೋಕವಲ್ಲ, ಹಳೆಯ ಋಣಾನುಬಂಧದ ನೆಲ. (ಅವರ ಧ್ವಜದಲ್ಲಿದ್ದುದು ಮಾತ್ರ ಸುವರ್ಣಗರುಡ.)

ಸೋಡ್ಢಲನ ಕೃತಿ 1920ರಲ್ಲಿ ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಪ್ರಕಟವಾಗಿದೆ. ಅದನ್ನು ನಾಗವರ್ಮನ 'ಕರ್ಣಾಟಕ ಕಾದಂಬರಿ', ನೇಮಿಚಂದ್ರನ 'ಲೀಲಾವತೀಪ್ರಬಂಧ'ಗಳೊಡನೆ ಇಟ್ಟು ಓದುವ ಕೆಲಸ ತೌಲನಿಕ ಅಧ್ಯಯನಕ್ಕೆ ಯೋಗ್ಯವಾದುದು.