ಡೊಂಬಿವಲಿಯಲ್ಲಿ ಕೂತು ಜಪಾನಿ ಕಲಿಯಲು

ಶಿಳ್‌ಫಾಟಾ ಎಂದರೆ ಕಲ್ಯಾಣ, ಡೊಂಬಿವಲಿ ಕಡೆಯವರಿಗೆ ಮೊದಲು ನೆನಪಾಗುವುದು ಟ್ರಾಫಿಕ್ ಜಾಮ್. ಮುಂಬೈ–ಅಹಮದಾಬಾದ್ ಬುಲೆಟ್ ರೈಲು ನೆಲದೊಳಗಿಂದ ಹೊರಬರಲಿರುವುದೂ ಅಲ್ಲೇ. ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ನಿಂದ ಶಿಳ್‌ಫಾಟಾವರೆಗಿನ 21 ಕಿಲೋಮೀಟರ್ ಸುರಂಗದಲ್ಲಿ ಏಳು ಕಿಲೋಮೀಟರ್ ಠಾಣೆ ಕೊಲ್ಲಿಯ ಅಡಿಯಲ್ಲೇ ಸಾಗುತ್ತದೆ. 508 ಕಿಲೋಮೀಟರ್ ಉದ್ದದ ಈ ಮಾರ್ಗಕ್ಕೆ ಜಪಾನಿನ ಸಾಲವಿದೆ, ಜಪಾನಿನ ಶಿಂಕಾನ್ಸೆನ್ ತಂತ್ರಜ್ಞಾನವೇ ಅದರ ಬುನಾದಿ. 2024ರ ಜನವರಿಯಲ್ಲಿ ಶಿವಡಿಯನ್ನೂ ನವಿ ಮುಂಬೈಯನ್ನೂ ಜೋಡಿಸಿದ 21.8 ಕಿಲೋಮೀಟರ್ ಉದ್ದದ ಅಟಲ್ ಸೇತುವಿಗೂ ಸಾಲ ಬಂದದ್ದು ಜಪಾನಿನ ಜೈಕಾ ಸಂಸ್ಥೆಯಿಂದ. ಠಾಣೆ–ಬೇಲಾಪುರ ರಸ್ತೆಯ ಆಜುಬಾಜಿನಲ್ಲಿ ಬೆಳೆದ ಹುಡುಗ ಹುಡುಗಿಯರಿಗೆ ಜಪಾನ್ ಈಗ ಕಾರ್ಟೂನು, ಕ್ಯಾಮೆರಾಗಳ ದೇಶವಷ್ಟೇ ಅಲ್ಲ, ಕೆಲಸ ಸಿಗಬಹುದಾದ ದೇಶವೂ ಹೌದು.

ಜಪಾನ್ 2019ರ ಏಪ್ರಿಲ್‌ನಲ್ಲಿ ‘ತೊಕುತೆಯ್ ಗಿನೋ’ ಎಂಬ ವೀಸಾ ವ್ಯವಸ್ಥೆ ಶುರು ಮಾಡಿತು. ವೃದ್ಧರ ಆರೈಕೆ, ಹೋಟೆಲು, ಕಟ್ಟಡ ಕೆಲಸ, ಕೃಷಿಯಂಥ ಕ್ಷೇತ್ರಗಳಿಗೆ ಹೊರದೇಶದ ನುರಿತ ಕೆಲಸಗಾರರನ್ನು ಕರೆಸಿಕೊಳ್ಳುವ ವ್ಯವಸ್ಥೆ ಅದು. 2021ರ ಜನವರಿಯಲ್ಲಿ ಭಾರತವೂ ಅದರ ಒಪ್ಪಂದಕ್ಕೆ ಸಹಿ ಹಾಕಿತು. ಅಂದಿನಿಂದ ಜಪಾನಿ ಕಲಿಸುತ್ತೇವೆ ಎನ್ನುವ ಬೋರ್ಡುಗಳು ಸ್ಟೇಷನ್ ರಸ್ತೆಗಳಲ್ಲಿ ಹೆಚ್ಚಾಗಿವೆ. ಶುಲ್ಕ ಕಟ್ಟುವ ಮೊದಲು ತಿಳಿದಿರಬೇಕಾದ ಒಂದು ಸಂಗತಿಯಿದೆ. ಕಲಿಕೆಗೆ ಬೇಕಾದ ಒಳ್ಳೆಯ ಸಾಮಗ್ರಿಯ ಬಹುಪಾಲು ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿಯೇ ಇದೆ.

ಹಗಲು ದುಡಿದು ರಾತ್ರಿ ಓದುವುದು ಮುಂಬೈ ಕನ್ನಡಿಗರಿಗೆ ಹೊಸತಲ್ಲ. ಊರಿನಿಂದ ಬಂದು ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರು ಕನ್ನಡ ರಾತ್ರಿ ಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿ ಬ್ಯಾಂಕು, ಕಚೇರಿ, ಸ್ವಂತ ಉದ್ಯೋಗ ಹಿಡಿದರು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಡೊಂಬಿವಲಿ, ಕಲ್ಯಾಣ, ಐರೋಳಿ, ನೆರೂಳ್‌ಗಳಲ್ಲಿದ್ದಾರೆ. ಲೋಕಲ್ ರೈಲಿನಲ್ಲಿ ಹೋಗಿಬರುವ ಹೊತ್ತು ಮತ್ತು ರಾತ್ರಿ ಊಟವಾದ ಮೇಲಿನ ಒಂದು ಗಂಟೆ, ಇವರ ಕೈಗೆ ಸಿಗುವ ಸಮಯ ಇಷ್ಟೇ. ನಾನಿಲ್ಲಿ ಹೇಳುವುದೆಲ್ಲ ಆ ಸಮಯದಲ್ಲಿ ಕೂಡಿಬರುವಂಥದ್ದು.

ಮೊದಲು ಹೋಗಬೇಕಾದ ಬಾಗಿಲು ಜಪಾನ್ ಫೌಂಡೇಶನ್. 1972ರಲ್ಲಿ ಜಪಾನ್ ಸರ್ಕಾರ ಸ್ಥಾಪಿಸಿದ ಈ ಸಂಸ್ಥೆ ‘ಇರೊದೊರಿ’ ಎಂಬ ಪಠ್ಯವನ್ನು ಪೂರ್ತಿಯಾಗಿ, ಆಡಿಯೊ ಸಹಿತ, ಡೌನ್‌ಲೋಡ್‌ಗೆ ಬಿಟ್ಟಿದೆ. ವ್ಯಾಕರಣದ ಸೂತ್ರದಿಂದ ಹೊರಡದೆ ಅಂಗಡಿ, ಆಸ್ಪತ್ರೆ, ಕೆಲಸದ ಜಾಗ ಎಂದು ಬದುಕಿನ ಸಂದರ್ಭಗಳಿಂದ ಹೊರಡುವ ಪುಸ್ತಕ ಅದು. ಜಪಾನಿನಲ್ಲಿ ಇಳಿದ ಮೊದಲ ವಾರ ಬಾಯಿಗೆ ಬೇಕಾಗುವ ಮಾತು ಮೊದಲ ಪಾಠಗಳಲ್ಲೇ ಸಿಗುತ್ತದೆ. ಇದೇ ಸಂಸ್ಥೆಯ ‘ಮಿನಾತೊ’ ತಾಣದಲ್ಲಿ ಹೆಸರು ನೋಂದಾಯಿಸಿದರೆ ಮನೆಯಲ್ಲೇ ಕೂತು ಹಂತಹಂತವಾಗಿ ಕೋರ್ಸ್ ಮುಗಿಸಬಹುದು. ಅಧ್ಯಾಪಕರ ಮುಖ ನೋಡಿಯೇ ಕಲಿಯಬೇಕು ಎನ್ನುವವರಿಗೆ ಎನ್‌ಪಿಟೆಲ್ ತಾಣದಲ್ಲಿ ಐಐಟಿ ಕಾನ್ಪುರದ ಜಪಾನಿ ಭಾಷೆ–ಸಂಸ್ಕೃತಿಯ ಪಾಠಮಾಲೆಯಿದೆ. ಪದ ಮರೆಯದಿರಲು ‘ಆಂಕಿ’ ಎಂಬ ಆ್ಯಪ್ ಇದೆ. ಡೇಮಿಯನ್ ಎಲ್ಮ್ಸ್ ಎಂಬ ಆಸ್ಟ್ರೇಲಿಯನ್ ತಾನು ಜಪಾನಿ ಕಲಿಯುವುದಕ್ಕೆಂದೇ ಮಾಡಿಕೊಂಡದ್ದು ಇಂದು ವೈದ್ಯಕೀಯ ವಿದ್ಯಾರ್ಥಿಗಳವರೆಗೆ ಎಲ್ಲರೂ ಬಳಸುವ ಸಾಧನವಾಗಿದೆ. ಮರೆಯುವ ಹೊತ್ತಿಗೆ ಸರಿಯಾಗಿ ಪದವನ್ನು ಮತ್ತೆ ಕಣ್ಣ ಮುಂದೆ ತರುವುದು ಅದರ ಕೆಲಸ. ಕಲ್ಯಾಣದಿಂದ ಘಾಟ್‌ಕೋಪರ್ ತಲುಪುವಷ್ಟರಲ್ಲಿ ದಿನದ ಪಾಲು ಮುಗಿಯುತ್ತದೆ.

ಎನ್‌ಎಚ್‌ಕೆ ವರ್ಲ್ಡ್ ಪ್ರಸಾರ ಸಂಸ್ಥೆಯ ‘ಈಸಿ ಜಪಾನೀಸ್’ ಪಾಠಗಳೂ ಚೆನ್ನಾಗಿವೆ. ಅವು ಹಿಂದಿಯಲ್ಲಿವೆ, ಬಂಗಾಳಿಯಲ್ಲಿವೆ. ಕನ್ನಡದಲ್ಲಿಲ್ಲ, ಮರಾಠಿಯಲ್ಲೂ ಇಲ್ಲ. ಈ ಕೊರತೆ ಸಣ್ಣದಲ್ಲ. ಇಂಗ್ಲಿಷ್ ಬಲ್ಲವನಿಗೆ ಇಂಗ್ಲಿಷಿನಲ್ಲೇ ಜಪಾನಿ ಕಲಿತರೆ ಆಯಿತಲ್ಲ ಎನ್ನುವವರಿದ್ದಾರೆ. ಆಗುವುದಿಲ್ಲ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಇಂಗ್ಲಿಷಿನವನಿಗೆ ಬೆಟ್ಟದಷ್ಟು ಕಷ್ಟವಾಗುವ ವಿಷಯಗಳು ಕನ್ನಡಿಗನಿಗೆ ಹುಟ್ಟಿನಿಂದಲೇ ಗೊತ್ತಿರುತ್ತವೆ. ಆದರೆ ಇಂಗ್ಲಿಷ್ ಪುಸ್ತಕ ಅವನಿಗೂ ಅವನ್ನು ಕಷ್ಟವೆಂದೇ ಕಲಿಸುತ್ತದೆ.

ಮೊದಲು ಅಕ್ಷರಮಾಲೆ ನೋಡಿ. ಜಪಾನಿ ಸ್ವರಗಳು ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ ಸಾಲುಗಳು. ನಮ್ಮ ವರ್ಣಮಾಲೆಯ ನೆರಳು ಕಾಣುತ್ತದಲ್ಲವೇ? ನೆರಳಲ್ಲ, ನಂಟೇ ಇದೆ. ಬೌದ್ಧ ಧರ್ಮದ ಜೊತೆ ಚೀನಾದ ಮೂಲಕ ಜಪಾನ್ ತಲುಪಿದ ಸಿದ್ಧಂ ಲಿಪಿಯ ಅಧ್ಯಯನದಿಂದ, ಅಂದರೆ ಸಂಸ್ಕೃತದ ವರ್ಣಕ್ರಮದಿಂದ, ಈ ಜೋಡಣೆ ಬಂತು. ‘ಸ’ ಕೂತಿರುವುದು ನಮ್ಮ ‘ಚ’ ವರ್ಗದ ಜಾಗದಲ್ಲಿ. ‘ಹ’ ಕೂತಿರುವುದು ‘ಪ’ ವರ್ಗದ ಜಾಗದಲ್ಲಿ, ಯಾಕೆಂದರೆ ಹಳೆಯ ಜಪಾನಿಯಲ್ಲಿ ಅದು ‘ಪ’ವೇ ಆಗಿತ್ತು. ಹಳಗನ್ನಡದ ಪಾಲು ಹಾಲಾದದ್ದನ್ನು, ಪುಲಿ ಹುಲಿಯಾದದ್ದನ್ನು ಶಾಲೆಯಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹ್ರಸ್ವ–ದೀರ್ಘ, ಒತ್ತಕ್ಷರಗಳದ್ದೂ ಇದೇ ಕಥೆ. ‘ಒಬಸಾನ್’ ಎಂದರೆ ಅತ್ತೆ, ಚಿಕ್ಕಮ್ಮ. ‘ಒಬಾಸಾನ್’ ಎಂದರೆ ಅಜ್ಜಿ. ‘ಕಿತೆ’ ಬೇರೆ, ‘ಕಿತ್ತೆ’ ಬೇರೆ. ಈ ವ್ಯತ್ಯಾಸ ಕೇಳಿಸಿಕೊಳ್ಳಲು ಇಂಗ್ಲಿಷ್ ಮಾತೃಭಾಷೆಯವರು ತಿಂಗಳುಗಟ್ಟಲೆ ಕಿವಿ ತಿದ್ದಿಕೊಳ್ಳುತ್ತಾರೆ. ಕತೆ ಯಾವುದು, ಕತ್ತೆ ಯಾವುದು ಎಂದು ನಮ್ಮ ಮೂರು ವರ್ಷದ ಮಗುವಿಗೂ ಗೊತ್ತು.

ವಾಕ್ಯದ ಕಟ್ಟಂತೂ ಇನ್ನೂ ಹತ್ತಿರ. ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿಯಂಥ ಪ್ರತ್ಯಯಗಳು ನಾಮಪದದ ಕೊನೆಗೆ ಅಂಟುತ್ತವೆ. ‘ತಬೆತೆ’ ಎಂದರೆ ತಿಂದು, ‘ಮಿರು’ ಎಂದರೆ ನೋಡು. ‘ತಬೆತೆ ಮಿರು’ ಎಂದರೆ ಕಣ್ಣಿಂದ ನೋಡುವುದಲ್ಲ, ರುಚಿ ನೋಡುವುದು, ನಮ್ಮ ‘ತಿಂದು ನೋಡು’ವಿನ ಹಾಗೆಯೇ. ‘ಕೈತೆ ಒಕು’ ಎಂದರೆ ಬರೆದಿಡು. ‘ಶಿತೆ ಶಿಮತ್ತ’ ಎಂದರೆ ಮಾಡಿಬಿಟ್ಟೆ, ಆ ‘ಬಿಟ್ಟೆ’ಯಲ್ಲಿರುವ ಮುಗಿದುಹೋಯಿತೆಂಬ ಭಾವ, ಅಯ್ಯೋ ಎಂಬ ಸಣ್ಣ ಪಶ್ಚಾತ್ತಾಪದ ಸಮೇತ. ಇಂಗ್ಲಿಷಿನಲ್ಲಿರುವ ಜಪಾನಿ ವ್ಯಾಕರಣದ ಪುಸ್ತಕ ಇವಕ್ಕೆಲ್ಲ ಅರ್ಧ ಪುಟದ ವಿವರಣೆ ಕೊಡುತ್ತದೆ. ಕನ್ನಡದಲ್ಲಿ ಒಂದು ಸಾಲು ಸಾಕು. ಮೇಲಾಗಿ ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ ಎಂದು ಲಿಂಗ, ವಚನ ನೋಡಿ ಕ್ರಿಯಾಪದ ಬದಲಿಸುವ ತಾಪತ್ರಯ ಜಪಾನಿಯಲ್ಲಿಲ್ಲ.

ಕಷ್ಟವಿರುವುದು ಕಾಂಜಿಯಲ್ಲಿ, ಅಂದರೆ ಚೀನಾದಿಂದ ಬಂದ ಅಕ್ಷರಗಳಲ್ಲಿ. ನಿತ್ಯಬಳಕೆಯ ಕಾಂಜಿಗಳೆಂದು ಜಪಾನ್ ಸರ್ಕಾರ ಪಟ್ಟಿ ಮಾಡಿರುವುದು 2,136. ಅಲ್ಲಿನ ಮಗು ಒಂದನೇ ತರಗತಿಯಲ್ಲಿ 80 ಕಲಿಯುತ್ತದೆ. ಇದಕ್ಕೆ ಅಡ್ಡದಾರಿಯಿಲ್ಲ, ದಿನಾ ಕೈಯಲ್ಲಿ ಬರೆಯಬೇಕು. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂದು ‘ಕಾಂಜಿ ವಿಜಿ’ ಎಂಬ ಮುಕ್ತ ಸಂಗ್ರಹದ ಚಿತ್ರಗಳು ತೋರಿಸಿಕೊಡುತ್ತವೆ.

ಪರೀಕ್ಷೆಯ ಬಗ್ಗೆ ಎರಡು ಮಾತು. ಜಪಾನಿ ಭಾಷಾ ಸಾಮರ್ಥ್ಯ ಅಳೆಯುವ ಜೆಎಲ್‌ಪಿಟಿ ನಡೆಯುವುದು ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರ. ಮುಂಬೈ, ಪುಣೆ ಎರಡೂ ಕಡೆ ಕೇಂದ್ರಗಳಿವೆ. ನೋಂದಣಿ ತಿಂಗಳುಗಳ ಮೊದಲೇ ಆಗಿಹೋಗುವುದರಿಂದ ದಿನಾಂಕದ ಮೇಲೆ ಕಣ್ಣಿಟ್ಟಿರಬೇಕು. ಅದರ ಹಂತಗಳಲ್ಲಿ ಎನ್5 ಎಲ್ಲಕ್ಕಿಂತ ಸುಲಭ, ಎನ್1 ಎಲ್ಲಕ್ಕಿಂತ ಕಠಿಣ. ಮೇಲೆ ಹೇಳಿದ ಕೆಲಸದ ವೀಸಾಕ್ಕೆ ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಪರೀಕ್ಷೆ ಪಾಸಾಗಿರಬೇಕು, ಜೊತೆಗೆ ಆಯಾ ಕೆಲಸದ ಕೌಶಲ ಪರೀಕ್ಷೆಯನ್ನೂ. ಎನ್5 ಪ್ರಮಾಣಪತ್ರ ತೋರಿಸಿ ವಿಮಾನ ಹತ್ತಿಸುತ್ತೇವೆ ಎನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ. ‘ಎನ್5ಕ್ಕೆ ಬೇಕಾದ ಪದಗಳ ಅಧಿಕೃತ ಪಟ್ಟಿ’ ಎಂದು ಮಾರುವುದನ್ನೂ ನಂಬಬೇಡಿ. 2010ರಲ್ಲಿ ಪರೀಕ್ಷೆಯ ರೂಪ ಬದಲಾದ ಮೇಲೆ ಅಂಥ ಪಟ್ಟಿ ಪ್ರಕಟಿಸುವುದನ್ನು ನಿಲ್ಲಿಸಿದ್ದಾರೆ. ಇನ್ನೊಂದು ವಿಷಯ, ಈ ಪರೀಕ್ಷೆಯಲ್ಲಿ ಮಾತಾಡುವುದೂ ಇಲ್ಲ, ಬರೆಯುವುದೂ ಇಲ್ಲ. ಎಲ್ಲವೂ ಉತ್ತರ ಆರಿಸುವ ಪ್ರಶ್ನೆಗಳು. ಬಾಯಿ ತೆರೆದು ಮಾತಾಡುವ ಅಭ್ಯಾಸವನ್ನು ಬೇರೆಯಾಗಿಯೇ ಮಾಡಿಕೊಳ್ಳಬೇಕು, ಅದಕ್ಕೆ ಜೊತೆಗಾರರು ಬೇಕು.

ನೌಕರಿಯ ಮಾತು ಬಿಟ್ಟು ಸಾಹಿತ್ಯಕ್ಕೆ ಬಂದರೆ ‘ಆಓಜೊರಾ ಬುಂಕೊ’ ಎಂಬ ಭಂಡಾರವಿದೆ. 1997ರಲ್ಲಿ ಶುರುವಾದ ಇದರಲ್ಲಿ ಹಕ್ಕುಸ್ವಾಮ್ಯ ಮುಗಿದ ಸಾವಿರಾರು ಜಪಾನಿ ಕೃತಿಗಳನ್ನು ಸ್ವಯಂಸೇವಕರು ಅಕ್ಷರಕ್ಕಕ್ಷರ ಟೈಪ್ ಮಾಡಿ ಇಟ್ಟಿದ್ದಾರೆ. ಸೊಸೆಕಿ, ಅಕುತಗಾವಾ ಎಲ್ಲರೂ ಅಲ್ಲಿದ್ದಾರೆ. ಕುರೊಸಾವಾ ಅವರ ‘ರಶೋಮನ್’ ಸಿನಿಮಾಕ್ಕೆ ಮೂಲವಾದ ಅಕುತಗಾವಾ ಕಥೆಗಳನ್ನು ಅಲ್ಲೇ ಓದಬಹುದು. ಮಲ್ಪೆಯ ಕಡಲತೀರದಲ್ಲಿ ‘ಉಳಿದವರು ಕಂಡಂತೆ’ ಸಿನಿಮಾ ಒಂದೇ ಘಟನೆಯನ್ನು ಹಲವರ ಬಾಯಲ್ಲಿ ಹೇಳಿಸಿದ್ದನ್ನು ಮೆಚ್ಚಿದ ಕರಾವಳಿಯವರಿಗೆ ಆ ಕಥನ ಬಗೆಯ ಹಳೆಯ ಮಾದರಿ ಅಲ್ಲಿ ಸಿಗುತ್ತದೆ. ಅಷ್ಟು ದೂರ ಇನ್ನೂ ಬಾರದವರಿಗೆ ‘ತಾದೊಕು’ ತಾಣದಲ್ಲಿ ಚಿತ್ರಗಳಿರುವ, ಹಂತವಾರು ಸಣ್ಣ ಪುಸ್ತಕಗಳಿವೆ.

ಸಂಶೋಧನೆಯ ದಾರಿ ಹಿಡಿಯುವವರಿಗೆ ‘ಜೆ–ಸ್ಟೇಜ್’ನಲ್ಲಿ ಜಪಾನಿನ ವಿದ್ವತ್ ಪತ್ರಿಕೆಗಳು, ಟೋಕಿಯೊ ವಿಶ್ವವಿದ್ಯಾಲಯದ ‘ಸ್ಯಾಟ್’ ಸಂಗ್ರಹದಲ್ಲಿ ಚೀನೀ ಬೌದ್ಧ ತ್ರಿಪಿಟಕದ ಪಠ್ಯ ತೆರೆದೇ ಇವೆ. ಏಷ್ಯಾ ಅಧ್ಯಯನವೆಂದರೆ ದೂರದ ಕ್ಯೋಟೊ, ನಾರಾಗಳೇ ಆಗಬೇಕಿಲ್ಲ. ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಕಲ್ಯಾಣದ ದಾನಿಗಳ ಹೆಸರುಗಳಿವೆ. ಪಕ್ಕದ ಅಂಬರನಾಥ ದೇವಾಲಯದ ಶಾಸನ ಶಕ 982ರದ್ದು, ಅಂದರೆ ಕ್ರಿ.ಶ. 1060, ಶಿಲಾಹಾರರ ಕಾಲ. ಠಾಣೆ ಜಿಲ್ಲೆಯ 1882ರ ಗೆಜೆಟಿಯರ್ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಮುಂಬೈ ಏಷ್ಯಾಟಿಕ್ ಸೊಸೈಟಿಯ ಹಳೆಯ ಗ್ರಂಥಗಳು ‘ಗ್ರಂಥ ಸಂಜೀವನಿ’ ತಾಣದಲ್ಲಿವೆ. ಭಾರತದ ಭಿಕ್ಷು ಬೋಧಿಸೇನ 736ರಲ್ಲಿ ಜಪಾನ್ ತಲುಪಿ, 752ರಲ್ಲಿ ನಾರಾದ ಮಹಾಬುದ್ಧನ ಕಣ್ಣು ತೆರೆಸುವ ವಿಧಿ ನಡೆಸಿದ ಕಥೆಯನ್ನು ಕಾನ್ಹೇರಿಯ ಶಾಸನಗಳ ಜೊತೆಗಿಟ್ಟು ಓದಿದರೆ ಎರಡೂ ಒಂದೇ ದೊಡ್ಡ ಸಂಚಾರದ ಭಾಗವೆಂದು ತಿಳಿಯುತ್ತದೆ.

ಇಷ್ಟೆಲ್ಲ ಇದ್ದೂ ಇಲ್ಲದಿರುವುದು ಕನ್ನಡದ ಸೇತುವೆ. ಅದನ್ನು ಕಟ್ಟುವುದು ಅಸಾಧ್ಯವೇನಲ್ಲ, ಸಾಮಗ್ರಿ ಈಗಾಗಲೇ ಕೈಯಳತೆಯಲ್ಲಿದೆ. ಜಿಮ್ ಬ್ರೀನ್ ಎಂಬ ಆಸ್ಟ್ರೇಲಿಯನ್ ಪ್ರಾಧ್ಯಾಪಕರು 1991ರಲ್ಲಿ ಆರಂಭಿಸಿದ ಜಪಾನಿ ನಿಘಂಟು ಇಂದು ‘ಜೆಎಂಡಿಕ್ಟ್’ ಎಂಬ ಹೆಸರಲ್ಲಿ ಮುಕ್ತ ಪರವಾನಗಿಯಲ್ಲಿದೆ. ಜರ್ಮನ್, ಫ್ರೆಂಚ್, ರಷ್ಯನ್, ಹಂಗೇರಿಯನ್ ಅರ್ಥಗಳನ್ನೂ ಅದಕ್ಕೆ ಸೇರಿಸಿದ್ದಾರೆ. ನಮ್ಮ ಕಡೆ ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಿಂದ ಎಲ್ಲರಿಗೂ ಮುಕ್ತವಾಗಿದೆ; ಅದರಲ್ಲಿ ಒಂದೂವರೆ ಲಕ್ಷ ಪದಗಳಿವೆ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು, ಆರಂಭದ ಮಟ್ಟಕ್ಕೆ ಸಾಕೆನ್ನುವ ಸುಮಾರು 800 ಜಪಾನಿ ಪದಗಳಿಗೆ ಕನ್ನಡ ಅರ್ಥ, ಒಂದೊಂದು ಕನ್ನಡ ವಾಕ್ಯ ಬರೆಯುವುದು ಜಪಾನಿ ಬಲ್ಲ ನಾಲ್ಕೈದು ಮಂದಿ ಕೂತರೆ ಆಗುವ ಕೆಲಸ. ಡೊಂಬಿವಲಿಯ ಕರ್ನಾಟಕ ಸಂಘಕ್ಕೆ ತನ್ನದೇ ಮಂಜುನಾಥ ವಿದ್ಯಾಲಯವಿದೆ, ನವಿ ಮುಂಬೈಯಲ್ಲೂ ಕನ್ನಡ ಸಂಘವಿದೆ. ಭಾನುವಾರದ ಒಂದು ಖಾಲಿ ಕೋಣೆ, ಒಂದು ವೈಫೈ, ಐಟಿ ಕಂಪನಿಗಳಲ್ಲಿ ಜಪಾನಿ ಗ್ರಾಹಕರ ಜೊತೆ ದಿನವೂ ಮಾತಾಡುವ ನಮ್ಮದೇ ಹುಡುಗ ಹುಡುಗಿಯರು ಸಿಕ್ಕರೆ ಸಾಕು, ಮುಂದಿನ ಡಿಸೆಂಬರ್ ಪರೀಕ್ಷೆಯ ಹೊತ್ತಿಗೆ ಆ ಪಟ್ಟಿ ಸಿದ್ಧವಾಗಬಲ್ಲದು.