ಗಡಿಯ ಕಾವಲೂ ಬಿಹಾರದ ಸಿಡುಬೂ

ನನ್ನ ಎಡತೋಳಿನ ಮೇಲೆ ಕಾಸಿನಗಲದ ಎರಡು ಕಲೆಗಳಿವೆ. ಮೊನ್ನೆ ಸ್ನಾನ ಮುಗಿಸಿ ಬಂದಾಗ ಮೊಮ್ಮಗ ಅವನ್ನು ಮುಟ್ಟಿ ನೋಡಿ, "ತಾತ, ಇಲ್ಲಿ ಸುಟ್ಟಿತ್ತಾ?" ಎಂದು ಕೇಳಿದ. ಸಿಡುಬು ಬಾರದಿರಲೆಂದು ಹಾಕಿದ ದಾಕಿನ ಗುರುತು ಎಂದೆ. "ಸಿಡುಬು ಅಂದರೆ?" ಎಂದ. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಆ ರೋಗವನ್ನು ಹೆಸರು ಹಿಡಿದು ಹೇಳುತ್ತಿರಲಿಲ್ಲ. "ಅಮ್ಮ ಬಂದಿದ್ದಾಳೆ" ಎನ್ನುತ್ತಿದ್ದರು. ನನ್ನ ಅಜ್ಜಿಯ ಮುಖದ ತುಂಬ ಅಮ್ಮನ ಗುರುತುಗಳಿದ್ದವು. ಒಂದೇ ಬೇಸಗೆಯಲ್ಲಿ ಅವಳ ಇಬ್ಬರು ಮಕ್ಕಳು ಹೋಗಿದ್ದರು. ಅವರ ಹೆಸರನ್ನು ಅಜ್ಜಿ ನನ್ನ ಮುಂದೆ ಎಂದೂ ಎತ್ತಿದವಳಲ್ಲ.

ನಮ್ಮೂರಿನ ಶಾಲೆಗೆ ಆಗಾಗ ದಾಕು ಹಾಕುವವರು ಬರುತ್ತಿದ್ದರು. ಉತ್ತರದ ಜಿಲ್ಲೆಗಳಲ್ಲಿ ಇದಕ್ಕೆ ದೇವಿ ಹಾಕುವುದು ಎಂದು ಹೆಸರು. ರೋಗಕ್ಕೂ ಅದನ್ನು ತಡೆಯುವ ಮದ್ದಿಗೂ ಒಬ್ಬಳೇ ದೇವತೆಯ ಹೆಸರನ್ನು ಕೊಟ್ಟಿರುವುದು ನಮ್ಮ ಜನದ ಔದಾರ್ಯವೇ ಇರಬೇಕು. ಅವರ ಚೀಲ ಕಂಡೊಡನೆ ಶಾಲೆಯ ವೀರರೆಲ್ಲ ಹಿಂದಿನ ಗೋಡೆ ಹಾರಿ ಹೊಲ ಸೇರುತ್ತಿದ್ದರು. ಹಲ್ಲುಗಳಿದ್ದ ಪುಟ್ಟ ಚಕ್ರದಂಥ ಸಲಕರಣೆಯನ್ನು ತೋಳಿನ ಮೇಲಿಟ್ಟು ತಿರುಗಿಸಿದರೆ ಪ್ರಾಣವೇ ಹೋದಂತಾಗುತ್ತಿತ್ತು. ಗೋಡೆ ಹಾರಲು ಬಾರದ ನಾನು ಸಿಕ್ಕಿಬಿದ್ದೆ.

ಈ ಕಲೆಗಳ ನೆವದಲ್ಲಿ ಇನ್ನೊಂದು ಸಂಗತಿ ನೆನಪಾಗಿ ಕೆಲವು ದಿನಗಳಿಂದ ನನ್ನನ್ನು ಕಾಡುತ್ತಿದೆ. 1974ರ ಮೇ 18ರಂದು ಭಾರತವು ರಾಜಸ್ಥಾನದ ಪೋಖ್ರಾನಿನಲ್ಲಿ ಮೊದಲ ಅಣುಸ್ಫೋಟವನ್ನು ನಡೆಸಿತು. ಕಾಲೇಜಿನ ರಜೆಗೆಂದು ನಾನು ಊರಿಗೆ ಬಂದಿದ್ದೆ. ಆಕಾಶವಾಣಿಯ ವಾರ್ತೆ ಕೇಳಿದ ಉತ್ಸಾಹದಲ್ಲಿ ಅಂಗಡಿಯಿಂದ ಕಡಲೆ ಬೆಲ್ಲ ತಂದು ಜಗಲಿಯ ಮೇಲಿದ್ದವರಿಗೆಲ್ಲ ಹಂಚಿ, ಇನ್ನು ನಮ್ಮ ತಂಟೆಗೆ ಯಾರೂ ಬರಲಾರರು ಎಂದು ಒಂದು ಭಾಷಣವನ್ನೂ ಮಾಡಿದೆ. ಅಜ್ಜಿಯೂ ತನ್ನ ಪಾಲಿನ ಕಡಲೆ ತಿಂದಳು. ಅದೇ ತಿಂಗಳು ಬಿಹಾರದಲ್ಲಿ ಸಿಡುಬು ಬಹಳ ಉಗ್ರವಾಗಿ ಹಬ್ಬಿತ್ತು. ಆ ವರ್ಷ ನಮ್ಮ ದೇಶದಲ್ಲಿ ಸುಮಾರು 1,88,000 ಜನಕ್ಕೆ ಸಿಡುಬು ತಗಲಿತು. ಸತ್ತವರು 31,000ಕ್ಕೂ ಹೆಚ್ಚು. ಬಹುಪಾಲು ಬಿಹಾರದವರು. ಪತ್ರಿಕೆಗಳಲ್ಲಿ ಈ ಸುದ್ದಿ ಬಂದೇ ಇರಬೇಕು. ನಾನು ಓದಿದ ನೆನಪಿಲ್ಲ. ಸಿಡುಬು ಮೋರೆಯ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೇಶದ ರಕ್ಷಣೆಯ ಮಾತನ್ನಾಡಿದ ನನಗೆ, ಅವಳ ಮಕ್ಕಳನ್ನು ಕೊಂದ ವೈರಿ ವೈರಿಗಳ ಪಟ್ಟಿಯಲ್ಲಿ ಸೇರಬೇಕಾದದ್ದೆಂದು ತೋರಲೇ ಇಲ್ಲ.

ಸೈನ್ಯ ಬೇಡವೆನ್ನುವವನು ನಾನಲ್ಲ. 1962ನ್ನು ಕಂಡ ತಲೆಮಾರಿಗೆ ಆ ಮಾತು ಬಾಯಿಗೆ ಬಾರದು. ಆದರೆ ರಾಷ್ಟ್ರರಕ್ಷಣೆ ಎಂದೊಡನೆ ಗಡಿ, ಗಡಿಯೊಡನೆ ಬಂದೂಕು, ಬಂದೂಕಿನೊಡನೆ ಇನ್ನೂ ದೊಡ್ಡ ಬಂದೂಕು ಎಂದು ಸಾಗುವ ನಮ್ಮ ಯೋಚನೆಯ ಜಾಡು ಎಷ್ಟು ಕಿರಿದು ಎಂಬುದನ್ನು ಸಿಡುಬಿನ ಕಥೆಯಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಇನ್ನೊಂದು ಕಥೆಯನ್ನು ನಾನು ಕಾಣೆ.

ಸೋವಿಯೆತ್ ಒಕ್ಕೂಟವು ತನ್ನ ನೆಲದಲ್ಲಿ ಸಿಡುಬನ್ನು 1936ರಲ್ಲಿಯೇ ತೊಡೆದುಹಾಕಿತ್ತು. ಆದರೂ ನೆರೆಯ ಏಷ್ಯದ ದೇಶಗಳಿಂದ ಅದು ಮತ್ತೆ ಮತ್ತೆ ನುಸುಳುತ್ತಿತ್ತು. ಅಷ್ಟು ಬಿಗಿಯಾದ ಗಡಿಕಾವಲು ಜಗತ್ತಿನಲ್ಲಿ ಬೇರೆಲ್ಲಿತ್ತು! 1959ರ ಕೊನೆಯಲ್ಲಿ ಭಾರತ ನೋಡಲು ಬಂದಿದ್ದ ಮಾಸ್ಕೋದ ಕಲಾವಿದನೊಬ್ಬ ಸಿಡುಬನ್ನು ಹೊತ್ತು ವಿಮಾನದಲ್ಲಿ ಊರಿಗೆ ಮರಳಿದ. ಅವನ ಕಾಯಿಲೆ ಏನೆಂದು ತಿಳಿಯುವಷ್ಟರಲ್ಲಿ ಅವನು ಸತ್ತಿದ್ದ. ರೋಗ ಆಸ್ಪತ್ರೆಯವರಿಗೂ ಬಂಧುಬಳಗಕ್ಕೂ ಅಂಟಿತ್ತು. ಮಾಸ್ಕೋ ನಗರದಲ್ಲಿ ಕೆಲವೇ ವಾರಗಳೊಳಗೆ ಲಕ್ಷಾಂತರ ಜನಕ್ಕೆ ಲಸಿಕೆ ಹಾಕಬೇಕಾಯಿತು. 1972ರಲ್ಲಿ ಯುಗೋಸ್ಲಾವಿಯದಲ್ಲಿಯೂ ಹೀಗೆಯೇ ಆಯಿತು. ಇರಾಕಿನ ಮೂಲಕ ಹಿಂದಿರುಗಿದ ಒಬ್ಬ ಹಜ್ ಯಾತ್ರಿಕನಿಂದ 175 ಜನಕ್ಕೆ ಸಿಡುಬು, 35 ಸಾವು. ಸೈನಿಕರು ಹಳ್ಳಿಗಳನ್ನು ಸುತ್ತುಗಟ್ಟಿ ನಿಂತರು. ಸುಮಾರು 1 ಕೋಟಿ 80 ಲಕ್ಷ ಜನ ತೋಳು ಒಡ್ಡಿದರು.

ಮಾಸ್ಕೋದ ಆ ಪ್ರಕರಣಕ್ಕೆ ಮುಂಚೆಯೇ, 1958ರಲ್ಲಿ, ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಸೇರಿದ್ದ ವಿಶ್ವ ಆರೋಗ್ಯ ಸಭೆಯಲ್ಲಿ ಸೋವಿಯೆತ್ ಪ್ರತಿನಿಧಿ ವಿಕ್ಟರ್ ಝ್ದಾನೋವ್ ಎದ್ದು ನಿಂತು, ಸಿಡುಬನ್ನು ಭೂಮಿಯಿಂದಲೇ ನಿರ್ಮೂಲ ಮಾಡೋಣ ಎಂದು ಸೂಚಿಸಿದ್ದ. ಶೀತಲ ಸಮರದ ನಡುಗಾಲ. ಆದರೂ ಆತ ತನ್ನ ಮಾತಿಗೆ ಆಧಾರವಾಗಿ ಹಿಡಿದದ್ದು ಅಮೆರಿಕದ ಅಧ್ಯಕ್ಷನಾಗಿದ್ದ ಜೆಫರ್ಸನ್ 1806ರಲ್ಲಿ ಲಸಿಕೆಯ ಜನಕ ಜೆನ್ನರನಿಗೆ ಬರೆದ ಕಾಗದವನ್ನು. ಮುಂದಿನ ಜನಾಂಗಗಳು ಇಂಥದೊಂದು ರೋಗವಿತ್ತೆಂಬುದನ್ನು ಚರಿತ್ರೆಯಿಂದಷ್ಟೇ ತಿಳಿಯುವರು ಎಂಬುದು ಆ ಕಾಗದದ ತಾತ್ಪರ್ಯ. ನನ್ನ ಮೊಮ್ಮಗನ ಪ್ರಶ್ನೆಗೆ ನಾನು ತಬ್ಬಿಬ್ಬಾದದ್ದು ಆ ಭವಿಷ್ಯ ಫಲಿಸಿದ್ದರಿಂದ.

ಝ್ದಾನೋವನ ಸೂಚನೆಯಲ್ಲಿ ಪರೋಪಕಾರಕ್ಕಿಂತ ಲೆಕ್ಕಾಚಾರವೇ ಹೆಚ್ಚಾಗಿತ್ತು. ಅದು ತಪ್ಪೆಂದು ನನಗನಿಸುವುದಿಲ್ಲ. ಅಮೆರಿಕದ ಲೆಕ್ಕವನ್ನೂ ನೋಡಬಹುದು. 1949ರ ತರುವಾಯ ಆ ದೇಶದಲ್ಲಿ ಸಿಡುಬಿರಲಿಲ್ಲ. ಆದರೂ ಅದು ಒಳಗೆ ಬಾರದಂತೆ ಕಾಯುವುದಕ್ಕೆ 1968 ಒಂದೇ ವರ್ಷದಲ್ಲಿ ಅಲ್ಲಿ ಸುಮಾರು 15 ಕೋಟಿ ಡಾಲರು ಖರ್ಚಾಯಿತು. 1967ರಿಂದ ಹದಿಮೂರು ವರ್ಷ ನಡೆದ ನಿರ್ಮೂಲನ ಕಾರ್ಯಕ್ಕೆ ಎಲ್ಲ ದೇಶಗಳೂ ಸೇರಿ ವೆಚ್ಚ ಮಾಡಿದ್ದು ಸುಮಾರು 30 ಕೋಟಿ ಡಾಲರು. ಬಾಗಿಲಿಗೆ ಅಗುಳಿ ಹಾಕಿಕೊಂಡು ಕೂಡುವ ಎರಡು ವರ್ಷದ ಖರ್ಚಿನಲ್ಲಿ ಕಳ್ಳನ ಕುಲವೇ ಅಳಿದುಹೋಯಿತು.

ಈ ಕೆಲಸದ ಕಷ್ಟ ಹಣದ್ದಾಗಿರಲಿಲ್ಲ. 1962ರಲ್ಲಿ ಭಾರತ ಆರಂಭಿಸಿದ ಯೋಜನೆಯ ಪ್ರಕಾರ ಎಲ್ಲರಿಗೂ ಲಸಿಕೆ ಹಾಕುತ್ತ ಹೋಗಬೇಕು. ಕೋಟ್ಯಂತರ ತೋಳುಗಳ ಲೆಕ್ಕ ಬಂತು, ರೋಗ ನಿಲ್ಲಲಿಲ್ಲ. ಶಾಲೆಯಲ್ಲಿ ಕೈಗೆ ಸಿಗುವ ನನ್ನಂಥವರಿಗೆ ಎರಡೆರಡು ಸಲ ದಾಕು. ಊರೂರು ಅಲೆಯುವ ಕೂಲಿಗೆ, ಭಿಕ್ಷುಕನಿಗೆ, ಹಸುಗೂಸಿಗೆ ಒಂದೂ ಇಲ್ಲ. ಲೆಕ್ಕ ತಪ್ಪಿದ ಜನರಲ್ಲಿಯೇ ಸಿಡುಬು ಸುಖವಾಗಿ ನೆಲೆಸಿತ್ತು. ಆಮೇಲೆ ಮಾರ್ಗ ಬದಲಾಯಿತು: ರೋಗ ಎಲ್ಲಿದೆಯೆಂದು ಮೊದಲು ಹುಡುಕುವುದು, ಸಿಕ್ಕಿದ ಮನೆಯ ಸುತ್ತಲಿನ ಎಲ್ಲರಿಗೂ ಕೂಡಲೇ ಲಸಿಕೆ ಹಾಕುವುದು. ನೈಜೀರಿಯದಲ್ಲಿ ಈ ಕ್ರಮವನ್ನು ಪ್ರಯೋಗಿಸಿ ಗೆದ್ದಿದ್ದ ಅಮೆರಿಕದ ವೈದ್ಯ ವಿಲಿಯಂ ಫೇಗಿ ಇಲ್ಲಿಗೂ ಬಂದ. 1973ರ ಶರತ್ಕಾಲದಿಂದ ಲಕ್ಷಕ್ಕೂ ಮಿಕ್ಕ ಕೆಲಸಗಾರರು ಮನೆಮನೆಯ ಬಾಗಿಲು ತಟ್ಟಿದರು. ಕೈಯಲ್ಲಿ ಸಿಡುಬೆದ್ದ ಮಗುವಿನ ಚಿತ್ರವಿದ್ದ ಕಾರ್ಡು. ಇಂಥವರನ್ನು ಕಂಡಿರಾ ಎಂಬ ಪ್ರಶ್ನೆ. ಶಾಲೆಗಳಲ್ಲಿ, ಸಂತೆಗಳಲ್ಲಿ ಅದೇ ಪ್ರಶ್ನೆ. ಊರ ಗೌಡ ಮುಚ್ಚಿಟ್ಟದ್ದನ್ನು ಶಾಲೆಯ ಮಕ್ಕಳು ಹೇಳಿಬಿಡುತ್ತಿದ್ದರು. ಉಪಾಧ್ಯಾಯನಾಗಿದ್ದ ನನಗೆ ಇದು ಆಶ್ಚರ್ಯದ ಸಂಗತಿಯಲ್ಲ. ಸುದ್ದಿ ಕೊಟ್ಟವರಿಗೆ 50 ರೂಪಾಯಿಯಿದ್ದ ಬಹುಮಾನ ಕೊನೆಗೆ 1,000ಕ್ಕೆ ಏರಿತು.

ಹುಡುಕಲು ತೊಡಗಿದ ಮೇಲೆ ರೋಗಿಗಳ ಸಂಖ್ಯೆ ಇಳಿಯುವ ಬದಲು ಏರಿತು, ಹುಡುಕಿದರೆ ಸಿಗುತ್ತದಲ್ಲವೇ! 1974ರ ಬೇಸಗೆಯಲ್ಲಿ ಬಿಹಾರದ ಮಂತ್ರಿಗಳು ತಾಳ್ಮೆಗೆಟ್ಟು, ಹಳೆಯ ಕ್ರಮಕ್ಕೇ ಹಿಂದಿರುಗಿ ಎಂದರಂತೆ. ಸಭೆಯಲ್ಲಿದ್ದ ಒಬ್ಬ ತರುಣ ವೈದ್ಯ ಎದ್ದು, ನಮ್ಮ ಹಳ್ಳಿಯಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ಆ ಮನೆಗೆ ನೀರು ಹೊಯ್ಯುತ್ತೇವೆಯೇ ಹೊರತು ಉಳಿದೆಲ್ಲ ಮನೆಗಳಿಗಲ್ಲ ಎಂಬರ್ಥದ ಮಾತನ್ನು ಹೇಳಿದನೆಂದೂ, ಮಂತ್ರಿಗಳು ಇನ್ನೊಂದು ತಿಂಗಳು ಅವಕಾಶ ಕೊಟ್ಟರೆಂದೂ ಫೇಗಿ ಬರೆದಿದ್ದಾನೆ. ಪೋಖ್ರಾನಿನ ವಿಜ್ಞಾನಿಗಳ ಹೆಸರು ನಮ್ಮ ಹುಡುಗರಿಗೆ ಬಾಯಿಪಾಠವಿದೆ. ಈ ತರುಣನ ಹೆಸರನ್ನು ನಾನು ಯಾವ ಪಠ್ಯಪುಸ್ತಕದಲ್ಲಿಯೂ ಕಂಡಿಲ್ಲ.

ಕಿಡಿ ಹಾರುತ್ತಿದ್ದುದು ಎಲ್ಲಿಂದ ಎಂಬುದನ್ನು ಜಮ್‌ಷೆಡ್‌ಪುರ ತೋರಿಸಿತು. ಕಾರ್ಖಾನೆಯ ಸಂಪನ್ನ ನಗರ; ಆಸ್ಪತ್ರೆಯಿತ್ತು, ವೈದ್ಯರಿದ್ದರು. ಆದರೆ ಬರಗೆಟ್ಟ ಹಳ್ಳಿಗಳಿಂದ ಕೂಲಿಗೆಂದು ಬಂದು ನಗರದಂಚಿನಲ್ಲಿ ಬಿದ್ದುಕೊಂಡವರಲ್ಲಿ ಸಿಡುಬು ಎದ್ದಾಗ ಅವರು ಯಾರ ಎಣಿಕೆಯಲ್ಲಿಯೂ ಇರಲಿಲ್ಲ. ಕಾಯಿಲೆ ಬಿದ್ದವರು ಟಾಟಾನಗರ ನಿಲ್ದಾಣದಲ್ಲಿ ರೈಲು ಹತ್ತಿ ತಂತಮ್ಮ ಊರಿಗೆ ಹೋದರು. ಬಿಹಾರದಾಚೆಗೂ ಎಷ್ಟೋ ಹಳ್ಳಿಗಳಿಗೆ ಆ ರೈಲಿನಲ್ಲಿ ಸಿಡುಬು ಹೋಯಿತು. ಪೂರ್ವ ಬಂಗಾಳದ ಪಾಡು ಇನ್ನೂ ಹೃದಯವಿದ್ರಾವಕ. 1970ರಲ್ಲಿ ಅಲ್ಲಿ ಸಿಡುಬು ನಿಂತುಹೋಗಿತ್ತು. 1971ರ ಯುದ್ಧದಲ್ಲಿ ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ಭಾರತಕ್ಕೆ ಓಡಿಬಂದರು. ಕಲ್ಕತ್ತೆಯ ಬಳಿಯ ಸಾಲ್ಟ್ ಲೇಕ್ ಶಿಬಿರದಲ್ಲಿ ರೋಗ ತಗಲಿತು. ಯುದ್ಧ ಮುಗಿದು, ಸ್ವತಂತ್ರವಾದ ನಾಡಿಗೆ ಸಂತೋಷದಿಂದ ಹಿಂದಿರುಗಿದವರು ಅದನ್ನೂ ಒಯ್ದರು. ಅಲ್ಲಿಂದ ಅದನ್ನು ಕೀಳಲು ಇನ್ನೂ ನಾಲ್ಕು ವರ್ಷ ಬೇಕಾಯಿತು. ನಮ್ಮ ದೇಶದ ಕೊನೆಯ ರೋಗಿ ಕೂಡ, 1975ರ ಮೇ ತಿಂಗಳಲ್ಲಿ, ಗಡಿಯಾಚೆಯಿಂದ ಬಂದು ಅಸ್ಸಾಮಿನ ಕರೀಂಗಂಜ್ ರೈಲು ನಿಲ್ದಾಣದಲ್ಲಿ ಭಿಕ್ಷೆ ಬೇಡುತ್ತಿದ್ದ ಹೆಂಗಸು.

ಕಥೆ ಇಷ್ಟು ಚೊಕ್ಕಟವಾಗಿ ಮುಗಿಯುವುದಿಲ್ಲ. ಈ ಕಾರ್ಯಕ್ಕೆ 140 ಕೋಟಿಗೂ ಹೆಚ್ಚು ಪ್ರಮಾಣದ ಲಸಿಕೆಯನ್ನು ದಾನವಾಗಿ ಕೊಟ್ಟ ಸೋವಿಯೆತ್ ಒಕ್ಕೂಟವೇ ಸಿಡುಬಿನ ವೈರಾಣುವನ್ನು ಗುಟ್ಟಾಗಿ ಅಸ್ತ್ರವನ್ನಾಗಿ ಮಾಡುತ್ತಿತ್ತು ಎಂದು, ಆ ಯೋಜನೆಯಲ್ಲಿದ್ದು ಮುಂದೆ ಅಮೆರಿಕಕ್ಕೆ ಹೋದ ಕೆನ್ ಅಲಿಬೆಕ್ ತಿಳಿಸಿದ್ದಾನೆ. ಇಂದಿಗೂ ಅಟ್ಲಾಂಟದಲ್ಲೊಂದು, ಸೈಬೀರಿಯದಲ್ಲೊಂದು ಪ್ರಯೋಗಶಾಲೆಯಲ್ಲಿ ಅದರ ದಾಸ್ತಾನಿದೆ. ಹಿಂದಿನ ಬುದ್ಧಿ ಎಲ್ಲಿ ಹೋದೀತು? 2021ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಕೋವಿಡ್ಡಿನ ಹೊಸ ರೂಪವನ್ನು ಕಂಡು ಲೋಕಕ್ಕೆ ಎಚ್ಚರಿಕೆ ಕೊಟ್ಟಾಗ ಸಿರಿವಂತ ದೇಶಗಳು ಮಾಡಿದ ಮೊದಲ ಕೆಲಸ ಅಲ್ಲಿಂದ ಬರುವ ವಿಮಾನಗಳನ್ನು ನಿಲ್ಲಿಸಿದ್ದು. ಆ ಹೊತ್ತಿಗೆ ಆಫ್ರಿಕ ಖಂಡದಲ್ಲಿ ಹತ್ತರಲ್ಲಿ ಒಬ್ಬನಿಗೂ ಪೂರ್ತಿ ಲಸಿಕೆ ಆಗಿರಲಿಲ್ಲ. ಕೆಲವೇ ವಾರಗಳಲ್ಲಿ ಒಮಿಕ್ರಾನ್ ಆ ಸಿರಿವಂತರ ಮನೆಗಳಲ್ಲೆಲ್ಲ ಇತ್ತು. ನಾವೂ ಆ ವರ್ಷದ ಏಪ್ರಿಲಿನಿಂದ ಕೆಲವು ತಿಂಗಳು ಹೊರಗೆ ಲಸಿಕೆ ಕಳಿಸುವುದನ್ನು ನಿಲ್ಲಿಸಿದ್ದೆವು; ನಮ್ಮ ಸ್ಮಶಾನಗಳ ಮುಂದೆ ಸಾಲುಗಟ್ಟಿದ್ದನ್ನು ಕಂಡ ನಾನು ಅದನ್ನು ದೂರಲಾರೆ. ಆದರೆ ನಮ್ಮನ್ನೇ ನಂಬಿ ಕಾದಿದ್ದ ಬಡ ದೇಶಗಳಲ್ಲಿ ಆಗ ಸತ್ತವರ ಲೆಕ್ಕ ಯಾರ ರಕ್ಷಣಾ ಇಲಾಖೆಯ ಪುಸ್ತಕದಲ್ಲಿ ಬರೆಯಬೇಕಾದದ್ದು?

ಮೊಮ್ಮಗನಿಗೆ ನಾನು ಕಡೆಗೆ ಹೇಳಿದ್ದು ಸೊಮಾಲಿಯದ ಕಥೆಯನ್ನು. ಪ್ರಪಂಚದಲ್ಲಿ ಸಹಜವಾಗಿ ಸಿಡುಬು ಬಂದ ಕೊನೆಯ ಮನುಷ್ಯ ಅಲ್ಲಿನ ಮೆರ್ಕ ಪಟ್ಟಣದ ಆಸ್ಪತ್ರೆಯ ಅಡಿಗೆಯವನು. ಅದು 1977ರ ಅಕ್ಟೋಬರ್. ಆಸ್ಪತ್ರೆಯಲ್ಲಿಯೇ ಕೆಲಸವಿದ್ದರೂ ನೋಯುತ್ತದೆಂಬ ಹೆದರಿಕೆಯಿಂದ ಅವನು ಲಸಿಕೆ ತಪ್ಪಿಸಿಕೊಂಡಿದ್ದ. "ಗೋಡೆ ಹಾರಿದ್ದನಾ?" ಎಂದು ಮೊಮ್ಮಗ ಕೇಳಿದ. ಇದ್ದರೂ ಇರಬಹುದು ಎಂದೆ. ಆತ ಗುಣಹೊಂದಿದ. ವರ್ಷಗಳ ಮೇಲೆ ಪೋಲಿಯೋ ಹನಿ ಹಾಕುವವರ ಜೊತೆ ಸೇರಿ, ಮಕ್ಕಳನ್ನು ಕಳಿಸಲು ಹಿಂಜರಿಯುವ ತಾಯಂದಿರಿಗೆ ತನ್ನದೇ ಕಥೆ ಹೇಳುತ್ತ ಊರೂರು ತಿರುಗಿದ. ಆ ಕೆಲಸದಲ್ಲಿದ್ದಾಗಲೇ, 2013ರ ಜುಲೈಯಲ್ಲಿ, ಮಲೇರಿಯ ಬಂದು ತೀರಿಕೊಂಡ.