ಎಡಗಾಲಿಗೆ ರಜೆ ಕೊಡುವುದು ಸುಲಭವಲ್ಲ!

ನನ್ನ ಮೊಮ್ಮಗಳ ಹಣೆಯಲ್ಲಿ ಒಂದು ಗೀರು ಉಂಟು. ಎಡ ಹುಬ್ಬಿನ ಮೇಲೆ, ಅರ್ಧ ಇಂಚು ಉದ್ದ. ಮೂರು ಹೊಲಿಗೆ ಬಿದ್ದ ಗುರುತು. ಅದಕ್ಕೆ ಕಾರಣ ನಾನು. ಸರಿಯಾಗಿ ಹೇಳುವುದಾದರೆ ನನ್ನ ಎಡಗಾಲು.

ನನ್ನದು ಎರಡೂವರೆ ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ. 1986ರಲ್ಲಿ ಜೀಪು ಕಲಿತವನು. ಅಂದಿನಿಂದ ಗೊಬ್ಬರ, ಹಿಂಡಿ, ಅಡಿಕೆ ಮೂಟೆ, ಮದುವೆ ದಿಬ್ಬಣ ಎಲ್ಲವನ್ನೂ ಜೀಪಿನಲ್ಲೇ ಹೊತ್ತಿದ್ದೇನೆ. ಒಂದು ಸಣ್ಣ ಅಪಘಾತವನ್ನೂ ಮಾಡಿದವನಲ್ಲ ಎಂಬ ಜಂಬ ಇತ್ತು. ಕೆಲವು ವರ್ಷಗಳಿಂದ ಎಡ ಮೊಣಕಾಲು ನೋವು. ಜೀಪಿನ ಕ್ಲಚ್ಚು ಒತ್ತುವುದೇ ಕಷ್ಟವಾಯಿತು. "ಕ್ಲಚ್ಚಿಲ್ಲದ ಕಾರು ತೆಗೆದುಕೊಳ್ಳಿ ಅಪ್ಪ" ಎಂದು ಮಗ ಒತ್ತಾಯ ಮಾಡಿದ. 2021ರಲ್ಲಿ ಸೆಕೆಂಡ್ ಹ್ಯಾಂಡ್ ಅಟೋಮ್ಯಾಟಿಕ್ ಕಾರೊಂದು ಅಂಗಳಕ್ಕೆ ಬಂತು. ಜೀಪನ್ನು ಮಾರಲಿಲ್ಲ. ಮೂಟೆ ಹೊರಲು ಅದೇ ಆಗಬೇಕಲ್ಲ.

ಕಾರು ಬಂದ ಮೂರನೆಯ ದಿನ. ಪೇಟೆಗೆ ಹೋಗಿ ವಾಪಸು ಬರುತ್ತಿದ್ದೆವು. ಮೊಮ್ಮಗಳು ಮುಂದಿನ ಸೀಟಿನಲ್ಲಿ. ಟಾರು ರಸ್ತೆಯಿಂದ ನಮ್ಮ ಮಣ್ಣಿನ ರಸ್ತೆಗೆ ತಿರುಗುವ ಜಾಗ. ಮೂವತ್ತೈದು ವರ್ಷ ಆ ತಿರುವಿನಲ್ಲಿ ನಾನು ಕ್ಲಚ್ಚು ಒತ್ತಿ ಎರಡನೆಯ ಗೇರಿಗೆ ಹಾಕಿದವನು. ಎಡಗಾಲು ತನ್ನ ಕೆಲಸಕ್ಕೆ ತಾನೇ ಹೊರಟಿತು. ಎದುರು ಸಿಕ್ಕಿದ ಅಗಲದ ಪೆಡಲನ್ನು ತಳದವರೆಗೆ ಒತ್ತಿಬಿಟ್ಟಿತು. ಅದು ಬ್ರೇಕು! ಕಾರು ಗೂಟಕ್ಕೆ ಕಟ್ಟಿದ ಹಾಗೆ ನಿಂತಿತು. ಮಗು ಡ್ಯಾಶ್‌ಬೋರ್ಡಿಗೆ ಹೋಗಿ ಬಡಿಯಿತು. "ಮನೆಯ ರಸ್ತೆ ತಾನೆ" ಎಂದು ನಾನು ಅವಳಿಗೆ ಬೆಲ್ಟು ಹಾಕಿರಲಿಲ್ಲ. ಅದೂ ನನ್ನದೇ ತಪ್ಪು.

ಆ ರಾತ್ರಿ ಮನೆಯವಳು ಹೇಳಿದ್ದು ಒಂದೇ ಮಾತು: "ಆ ಕಾರನ್ನು ಕೊಟ್ಟುಬಿಡಿ. ಇಲ್ಲದಿದ್ದರೆ ನಿಮ್ಮ ಎಡಗಾಲನ್ನು ಮನೆಯಲ್ಲೇ ಬಿಟ್ಟು ಹೋಗಿ."

ತಮಾಷೆಗೆ ಹೇಳಿದ್ದಲ್ಲ. ಮರುದಿನದಿಂದ ಅವಳು ನನ್ನ ಕಾರು ಹತ್ತಲಿಲ್ಲ.

ಕಾಲಿಗೆ ಗೊತ್ತಿದ್ದದ್ದು ಒಂದೇ ಕೆಲಸ

ಯಾಕೆ ಹೀಗಾಯಿತು? ಗೇರಿನ ವಾಹನದಲ್ಲಿ ಮೂರು ಪೆಡಲು. ಎಡದಲ್ಲಿ ಕ್ಲಚ್ಚು, ನಡುವೆ ಬ್ರೇಕು, ಬಲದಲ್ಲಿ ಎಕ್ಸಲೇಟರು. ಎಡಗಾಲು ಕ್ಲಚ್ಚಿಗೆ ಮಾತ್ರ. ಉಳಿದೆರಡು ಬಲಗಾಲಿನ ಪಾಲಿಗೆ. ಅಟೋಮ್ಯಾಟಿಕ್‌ನಲ್ಲಿ ಎರಡೇ ಪೆಡಲು. ಬ್ರೇಕಿನ ಪೆಡಲು ಮಾತ್ರ ಸಾಮಾನ್ಯಕ್ಕಿಂತ ಅಗಲ. ಕ್ಲಚ್ಚು ಇರುತ್ತಿದ್ದ ಕಡೆಗೂ ಸ್ವಲ್ಪ ಚಾಚಿಕೊಂಡಿರುತ್ತದೆ.

ನಮ್ಮಲ್ಲಿ ಈಗ ಹಳ್ಳಿಗೂ ಬಂದಿರುವ ಅಗ್ಗದ ಅಟೋಮ್ಯಾಟಿಕ್‌ಗಳಲ್ಲಿ ಹೆಚ್ಚಿನವು ಎಎಂಟಿ ಎಂಬ ಬಗೆಯವು. 2014ರಲ್ಲಿ ಮಾರುತಿಯ ಸೆಲೆರಿಯೊ ಜೊತೆ ಇದು ಸಣ್ಣ ಕಾರುಗಳಿಗೆ ಬಂತು. ಇದರಲ್ಲಿ ಕ್ಲಚ್ಚು ಇಲ್ಲ ಅಂತಲ್ಲ, ಕ್ಲಚ್ಚಿನ ಪೆಡಲು ಇಲ್ಲ ಅಷ್ಟೆ. ಒಳಗೆ ಮಾಮೂಲಿ ಕ್ಲಚ್ಚು, ಮಾಮೂಲಿ ಗೇರ್‌ಬಾಕ್ಸು. ನಾವು ಕಾಲಿನಲ್ಲಿ, ಕೈಯಲ್ಲಿ ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರು ಹೇಳಿದಂತೆ ಯಂತ್ರ ಮಾಡುತ್ತದೆ. ಬೇರೆ ಬಗೆಯ ಅಟೋಮ್ಯಾಟಿಕ್‌ಗಳೂ ಉಂಟು. ಕಾಲಿನ ಮಟ್ಟಿಗೆ ಎಲ್ಲವೂ ಒಂದೇ.

ಕ್ಲಚ್ಚು ಒತ್ತುವುದಕ್ಕೂ ಬ್ರೇಕು ಒತ್ತುವುದಕ್ಕೂ ತುಂಬ ವ್ಯತ್ಯಾಸ ಉಂಟು. ಕ್ಲಚ್ಚನ್ನು ತೊಡೆಯ ಬಲದಿಂದ ಒಮ್ಮೆಲೇ ತಳ ಮುಟ್ಟಿಸುತ್ತೇವೆ. ನಯ ಬೇಕಾದ್ದು ಬಿಡುವಾಗ. ಬ್ರೇಕು ಹಾಗಲ್ಲ, ಒತ್ತುವಾಗಲೇ ನಯ ಬೇಕು. ಹಿಮ್ಮಡಿ ಊರಿ ಪಾದದಿಂದ ಇಷ್ಟಿಷ್ಟೇ ಒತ್ತಬೇಕು. ಬಲಗಾಲಿಗೆ ಈ ಅಂದಾಜು ಉಂಟು. ಎಡಗಾಲಿಗೆ ಗೊತ್ತಿದ್ದದ್ದು ತುಳಿಯುವುದು ಮಾತ್ರ. ಎಂಜಿನ್ನಿನ ಸಹಾಯದಿಂದ ನಡೆಯುವ ಈಗಿನ ಮೆತ್ತಗಿನ ಬ್ರೇಕನ್ನು ಆ ಬಲದಲ್ಲಿ ತುಳಿದರೆ ಇನ್ನೇನಾದೀತು?

"ಎರಡು ಪೆಡಲು, ಎರಡು ಕಾಲು"

ಪೇಟೆಯಲ್ಲಿ ಗ್ಯಾರೇಜು ಇಟ್ಟಿರುವ ನನ್ನ ತಂಗಿಯ ಮಗ ಸುದ್ದಿ ಕೇಳಿ ಮನೆಗೆ ಬಂದ. ಅವನ ವಾದವೇ ಬೇರೆ.

"ಮಾವ, ಎರಡು ಪೆಡಲು ಉಂಟು, ದೇವರು ಎರಡು ಕಾಲು ಕೊಟ್ಟಿದ್ದಾನೆ. ಎಡಗಾಲಿಗೆ ಬ್ರೇಕು ಕಲಿಸಿ. ರೇಸಿನವರು ಮಾಡುದು ಹಾಗೆಯೇ."

ರೇಸಿನವರ ವಿಷಯ ಸುಳ್ಳಲ್ಲ. ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿಗಳಲ್ಲಿ ಬ್ರೇಕು ಎಡಗಾಲಿಗೇ. ಫಾರ್ಮುಲಾ ಒನ್ ಕಾರುಗಳಲ್ಲಿ ಈಗ ಇರುವುದು ಎರಡೇ ಪೆಡಲು, ಅಲ್ಲಿಯೂ ಬ್ರೇಕು ಎಡಗಾಲಿಗೆ. 1960ರ ದಶಕದಲ್ಲಿ ಫಿನ್ಲೆಂಡ್, ಸ್ವೀಡನ್ನಿನ ರ‍್ಯಾಲಿ ಚಾಲಕರು ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಬಲಗಾಲನ್ನು ಎಕ್ಸಲೇಟರಿನಿಂದ ತೆಗೆಯದೆ ಎಡಗಾಲಿನಿಂದ ಬ್ರೇಕು ಮುಟ್ಟಿಸಿ, ಜಾರುವ ತಿರುವಿನಲ್ಲಿ ಹಿಂಭಾಗವನ್ನು ಬೇಕಾದ ಕಡೆಗೆ ತಿರುಗಿಸುತ್ತಿದ್ದರು. ಮೂರೂ ಪೆಡಲಿರುವ ಕಾರುಗಳಲ್ಲೇ ಇದನ್ನು ಮಾಡುತ್ತಿದ್ದರು.

ಅಳಿಯನ ಇನ್ನೊಂದು ಮಾತು ಸಮಯದ ಉಳಿತಾಯ. ಲೆಕ್ಕ ಹಾಕಿ ನೋಡಿದೆ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಎಕ್ಸಲೇಟರಿನಿಂದ ಬ್ರೇಕಿಗೆ ಕಾಲು ತರಲು ಕಾಲು ಸೆಕೆಂಡು ಹಿಡಿದರೂ ಅಷ್ಟರಲ್ಲಿ ಕಾರು ನಾಲ್ಕು ಮೀಟರಿಗಿಂತ ಸ್ವಲ್ಪ ಹೆಚ್ಚು ಮುಂದೆ ಹೋಗಿರುತ್ತದೆ. ಒಂಬತ್ತು ಅಡಿ ಅಂತರದ ತೋಟದಲ್ಲಿ ಒಂದೂವರೆ ಸಾಲು. ಒಂದು ಕರುವನ್ನೋ ಮಗುವನ್ನೋ ಉಳಿಸಲು ಅಷ್ಟು ಸಾಕು. ವಾದ ನನಗೂ ಸರಿ ಕಂಡಿತು.

ಕೊಯ್ಲಾದ ಗದ್ದೆಗೆ ಕಾರು ಇಳಿಸಿ ಎಡಗಾಲಿನ ಅಭ್ಯಾಸ ಶುರು ಮಾಡಿದೆ. ಮೊದಲ ದಿನ ಹೋರಿಕರುವಿನ ನಡಿಗೆ. ಒಂದು ವಾರದಲ್ಲಿ ಪರವಾಗಿಲ್ಲ ಅನ್ನುವಷ್ಟಾಯಿತು.

ಜೀಪು ಕಲಿಸಿದ ಪಾಠ

ಆಮೇಲೆ ಒಂದು ದಿನ ನಾಲ್ಕು ಮೂಟೆ ಚಾಲಿ ಅಡಿಕೆ ಹೇರಿಕೊಂಡು ಜೀಪಿನಲ್ಲಿ ಪೇಟೆಗೆ ಹೊರಟೆ. ಗುಡ್ಡದ ಇಳಿಜಾರು, ಕೆಳಗೆ ಮೋರಿ, ಅಲ್ಲಿ ಎದುರಿನಿಂದ ಬಸ್ಸು. ನಿಲ್ಲಿಸಬೇಕು ಎಂದು ಮನಸ್ಸು ಹೇಳಿದ ಕೂಡಲೇ ಹೊಸತಾಗಿ ಕಲಿತ ಎಡಗಾಲು ಬ್ರೇಕೆಂದು ಒತ್ತಿತು. ಜೀಪಿನಲ್ಲಿ ಆ ಕಡೆ ಇರುವುದು ಕ್ಲಚ್ಚು! ಎಂಜಿನ್ನಿನ ಹಿಡಿತ ತಪ್ಪಿತು. ಜೀಪು ನಿಲ್ಲುವ ಬದಲು ಹಗುರಾಗಿ ಇನ್ನೂ ಜೋರು ಓಡಿತು. ಹಳೆಯ ಬಲಗಾಲು ಎಚ್ಚತ್ತು ಬ್ರೇಕಿಗೆ ಬಂತು. ಮೋರಿಯ ಕಟ್ಟೆಗೆ ಒಂದು ಮಾರು ಇರುವಾಗ ನಿಂತಿತು. ಬಸ್ಸಿನ ಡ್ರೈವರು ಗಾಜಿನಿಂದ ತಲೆ ಹೊರಗೆ ಹಾಕಿ "ಎಂತ ಅಣ್ಣಾ, ನಿದ್ರೆಯಾ?" ಎಂದು ಕೇಳಿದ. ನನ್ನ ಬಾಯಲ್ಲಿ ಪಸೆ ಇರಲಿಲ್ಲ.

ಅಲ್ಲಿಯೇ ಬದಿಗೆ ನಿಲ್ಲಿಸಿ ಯೋಚಿಸಿದೆ. ಕಾರಿನಲ್ಲಿ ಎಡಗಾಲು ಕ್ಲಚ್ಚೆಂದು ಬ್ರೇಕು ತುಳಿಯಿತು. ಜೀಪಿನಲ್ಲಿ ಬ್ರೇಕೆಂದು ಕ್ಲಚ್ಚು ತುಳಿಯಿತು. ಎರಡೂ ವಾಹನ ಬಿಡುವ ನನ್ನಂಥವನಿಗೆ ಎರಡು ಕಾನೂನು ಆಗದು. ಎರಡಕ್ಕೂ ಸಲ್ಲುವ ಕಾನೂನು ಒಂದೇ: ಬ್ರೇಕು ಯಾವತ್ತೂ ಬಲಗಾಲಿನ ಕೆಲಸ.

ಅಳಿಯನಿಗೂ ಇದನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ಬ್ರೇಕು ಬೇಗ ಸವೆದು ಬರುವ ಅಟೋಮ್ಯಾಟಿಕ್ ಕಾರುಗಳೂ ನನ್ನಲ್ಲಿಗೆ ಬರ್ತವೆ. ಕೇಳಿದರೆ ಎಡಗಾಲು ಬ್ರೇಕಿನ ಮೇಲೆಯೇ ಇಡುವವರು" ಎಂದು ಒಪ್ಪಿಕೊಂಡ.

ಸಂಗತಿ ಅದೇ. ಕಾಲು ಸೆಕೆಂಡು ಉಳಿಯಬೇಕಾದರೆ ಎಡಗಾಲು ಸದಾ ಬ್ರೇಕಿನ ಮೇಲೆ ತೂಗಾಡುತ್ತಿರಬೇಕು. ಗಂಟೆಗಟ್ಟಲೆ ಹಾಗೆ ಹಿಡಿಯಲು ಯಾರಿಂದಲೂ ಆಗದು. ಕಾಲು ಸೋತು ಪೆಡಲಿನ ಮೇಲೆ ಕುಳಿತುಬಿಡುತ್ತದೆ. ಬ್ರೇಕು ಉಜ್ಜಿ ಬಿಸಿಯಾಗುತ್ತದೆ. ಘಾಟಿ ಇಳಿಯುವಾಗ ಹಾಗಾದರೆ ಬೇಕಾದ ಹೊತ್ತಿನಲ್ಲಿ ಬ್ರೇಕು ಹಿಡಿಯದೆ ಹೋಗಬಹುದು. ಹಿಂದಿನ ಕೆಂಪು ದೀಪ ಸದಾ ಉರಿಯುವುದರಿಂದ ನಾವು ನಿಜವಾಗಿ ನಿಲ್ಲಿಸುವುದು ಹಿಂದಿನವನಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ಅಪಾಯ ಉಂಟು. ಗಟ್ಟಿಯಾಗಿ ಬ್ರೇಕು ಹಿಡಿದಾಗ ಮೈ ಮುಂದಕ್ಕೆ ವಾಲುತ್ತದೆ. ಎಡಗಾಲು ಬದಿಯ ಹಲಗೆಯ ಮೇಲೆ ಊರಿದ್ದರೆ ಮೈಯನ್ನು ಹಿಡಿಯುತ್ತದೆ. ಎರಡೂ ಕಾಲು ಪೆಡಲಿನ ಮೇಲಿದ್ದರೆ ಊರಲು ಏನಿಲ್ಲ. ಗಾಬರಿಯಲ್ಲಿ ಎರಡನ್ನೂ ಒಟ್ಟಿಗೆ ಒತ್ತುವುದೂ ಉಂಟು. ಈಗಿನ ಅನೇಕ ಕಾರುಗಳಲ್ಲಿ ಎರಡೂ ಒಟ್ಟಿಗೆ ಒತ್ತಿದರೆ ಎಂಜಿನ್ನಿನ ಬಲ ಕಡಿಮೆ ಮಾಡುವ ವ್ಯವಸ್ಥೆ ಇರುತ್ತದೆ. ಆದರೆ ಎಲ್ಲ ಕಾರಿನಲ್ಲಿ ಇರುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ರೇಸಿನವರನ್ನು ಹಲವು ಪಟ್ಟಿಗಳಿಂದ ಸೀಟಿಗೆ ಬಿಗಿದಿರುತ್ತಾರೆ, ಅವರಿಗೆ ದಿನವೂ ಅದೇ ಅಭ್ಯಾಸ. ನಮ್ಮದು ಹಾಗಲ್ಲ.

ನಮಗೆ ಇದು ಹೊಸತೇನಲ್ಲ

ಯೋಚಿಸಿದರೆ ಕೃಷಿಕರಿಗೆ ಈ ಉಲ್ಟಾಪಲ್ಟಾ ಹೊಸತಲ್ಲ. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಲ್ಲಿ ಗೇರು ಎಡಕ್ಕೆ, ಬ್ರೇಕು ಬಲಕ್ಕೆ. ಬುಲೆಟ್ಟಿನವನು ಯೆಜ್ಡಿ ಹತ್ತಿದರೆ ಬ್ರೇಕಿನ ಬದಲು ಗೇರು ತುಳಿಯುತ್ತಿದ್ದ.

ಪವರ್ ಟಿಲ್ಲರ್ ಇರುವವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಸಮತಟ್ಟಿನಲ್ಲಿ ಎಡದ ಸ್ಟಿಯರಿಂಗ್ ಕ್ಲಚ್ಚು ಹಿಡಿದರೆ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಟ್ರೇಲರ್ ಕಟ್ಟಿ ಇಳಿಜಾರಿನಲ್ಲಿ ಹಾಗೆ ಮಾಡಿದರೆ ಬಲಕ್ಕೆ ಹೋಗುತ್ತದೆ! ಕ್ಲಚ್ಚು ಹಿಡಿದ ಚಕ್ರಕ್ಕೆ ಎಂಜಿನ್ನಿನ ತಡೆ ತಪ್ಪಿ ಅದು ಸಡಿಲವಾಗಿ ಮುಂದೆ ಓಡುವುದೇ ಕಾರಣ. ಇದು ತಿಳಿಯದೆ ಚರಂಡಿಗೆ ಬಿದ್ದವರು ಕಡಿಮೆಯಲ್ಲ.

ಟ್ರ್ಯಾಕ್ಟರಿನಲ್ಲಿ ಬ್ರೇಕಿನ ಪೆಡಲೇ ಎರಡು. ಒಂದು ಎಡ ಹಿಂಚಕ್ರಕ್ಕೆ, ಇನ್ನೊಂದು ಬಲ ಹಿಂಚಕ್ರಕ್ಕೆ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಟ್ರ್ಯಾಕ್ಟರುಗಳಲ್ಲಿ ಎರಡೂ ಬಲಬದಿಯಲ್ಲಿ, ಬಲಗಾಲಿಗೇ. ಗದ್ದೆಯ ಮೂಲೆಯಲ್ಲಿ ಗಕ್ಕನೆ ತಿರುಗಿಸಲು ಒಂದನ್ನೇ ಒತ್ತುತ್ತೇವೆ. ರಸ್ತೆಗೆ ಬರುವ ಮೊದಲು ಕೊಕ್ಕೆ ಹಾಕಿ ಎರಡನ್ನೂ ಜೋಡಿಸಲೇಬೇಕು. ಮರೆತು ವೇಗದಲ್ಲಿ ಒಂದನ್ನೇ ಒತ್ತಿದರೆ ಒಂದು ಚಕ್ರ ಮಾತ್ರ ಹಿಡಿದು ಟ್ರ್ಯಾಕ್ಟರು ಬದಿಗೆ ಎಳೆಯುತ್ತದೆ, ಮಗುಚಲೂಬಹುದು. ಮಾತು ಒಂದೇ: ವಾಹನ ಬದಲಾದಾಗ ಕಾಲಿಗೆ ಮೊದಲು ತಿಳಿಸಬೇಕು.

ಗದ್ದೆಯಲ್ಲಿ ಮರುಪಾಠ

ಪುನಃ ಗದ್ದೆಗೆ ಇಳಿದೆ. ಈ ಸಲ ಎಡಗಾಲಿಗೆ ಏನೂ ಕಲಿಸದಿರುವುದೇ ಪಾಠ. ನಾನು ಮಾಡಿದ್ದು ಹೀಗೆ:

* ಕಾರು ಹತ್ತಿದ ಕೂಡಲೇ ಎಡಗಾಲನ್ನು ಹಿಂದಕ್ಕೆ ಎಳೆದು ಸೀಟಿಗೆ ತಾಗಿಸಿ ಇಡುವುದು. ಒಂದು ತಿಂಗಳು ಹೀಗೆ. ಆಮೇಲೆ ಬದಿಯ ಹಲಗೆಯ ಮೇಲೆ.

* ಸ್ಟಾರ್ಟ್ ಮಾಡುವ ಮೊದಲು "ಇದು ಕಾರು, ಎಡಗಾಲಿಗೆ ರಜೆ" ಎಂದು ಬಾಯಿಬಿಟ್ಟು ಹೇಳುವುದು. ಜೀಪಿನಲ್ಲಿ "ಇದು ಜೀಪು". ಕೇಳಿದವರು ನಗಲಿ.

* ಬಲಗಾಲಿನ ಹಿಮ್ಮಡಿ ಬ್ರೇಕಿನ ನೇರಕ್ಕೆ ಊರಿ, ಪಾದವನ್ನು ಮಾತ್ರ ಎಕ್ಸಲೇಟರಿಗೆ ವಾಲಿಸುವುದು. ಗಾಬರಿಯಾದಾಗ ಪಾದ ತಾನಾಗಿ ಬ್ರೇಕಿಗೆ ಮರಳುತ್ತದೆ.

* ಅಂಗಳದಲ್ಲಿ, ಶೆಡ್ಡಿನಲ್ಲಿ, ರಿವರ್ಸಿನಲ್ಲಿ ಎಕ್ಸಲೇಟರು ಮುಟ್ಟುವುದೇ ಇಲ್ಲ. ಹೆಚ್ಚಿನ ಅಟೋಮ್ಯಾಟಿಕ್ ಕಾರುಗಳು ಬ್ರೇಕು ಸಡಿಲಿಸಿದರೆ ತಾವಾಗಿ ತೆವಳುತ್ತವೆ. ಅಷ್ಟು ಸಾಕು. ಬಲಗಾಲು ಬ್ರೇಕಿನ ಮೇಲೆಯೇ ಇದ್ದರೆ ತಪ್ಪಿ ಎಕ್ಸಲೇಟರು ಒತ್ತುವ ಭಯವಿಲ್ಲ. ಅಂಗಳದಲ್ಲಿ ಅಡಿಕೆ ಹರಡಿ ಮಕ್ಕಳು ಓಡಾಡುವ ನಮ್ಮಂಥ ಮನೆಗಳಿಗೆ ಇದು ಮುಖ್ಯ.

* ಏರಿನಲ್ಲಿ ನಿಲ್ಲಿಸಿದರೆ ಹ್ಯಾಂಡ್ ಬ್ರೇಕು. ಎಎಂಟಿ ಕಾರುಗಳು ಸ್ವಲ್ಪ ಹಿಂದೆ ಜಾರುವುದುಂಟು. ಎಕ್ಸಲೇಟರು ಕೊಟ್ಟು ಕಾರು ಎಳೆಯತೊಡಗಿದ ಮೇಲೆ ಹ್ಯಾಂಡ್ ಬ್ರೇಕು ಬಿಡುವುದು.

* ಘಾಟಿ ಇಳಿಯುವಾಗ ಗೇರಿನ ಹಿಡಿಯನ್ನು ಕೈಗೇರಿಗೆ ಹಾಕಿ ಎರಡು, ಮೂರರಲ್ಲಿ ಇಳಿಸುವುದು. ಎಂಜಿನ್ನೇ ತಡೆಯುತ್ತದೆ, ಬ್ರೇಕು ಉಳಿಯುತ್ತದೆ.

* ತೋಟದ ಕೆಸರು ಹವಾಯಿ ಚಪ್ಪಲಿಯಲ್ಲಿ ಡ್ರೈವಿಂಗ್ ಬೇಡ. ಪೆಡಲಿನ ಕೆಳಗೆ ಉರುಳುವ ನೀರಿನ ಬಾಟ್ಲಿ, ತೆಂಗಿನಕಾಯಿ ಇಡಬೇಡಿ.

ಮೊದಲಿಂದಲೂ ಅಟೋಮ್ಯಾಟಿಕ್ ಮಾತ್ರ ಬಿಟ್ಟವರು ಎಡಗಾಲಲ್ಲಿ ಬ್ರೇಕು ಹಿಡಿಯುವುದುಂಟು. ಅವರ ಕಾಲಿಗೆ ಕ್ಲಚ್ಚಿನ ನೆನಪಿಲ್ಲ. ಬಲಗಾಲು ಊನವಾದವರಿಗೆ ಎಕ್ಸಲೇಟರನ್ನೇ ಎಡಕ್ಕೆ ಜೋಡಿಸಿಕೊಡುವ ಕ್ರಮವೂ ಉಂಟು, ಆರ್‌ಟಿಒ ಅನುಮತಿ ಬೇಕು. ಅವರದು ಬೇರೆ ಮಾತು. ಜೀಪು, ಪಿಕಪ್ಪು, ಟ್ರ್ಯಾಕ್ಟರು ಬಿಟ್ಟು ಕಾರಿಗೆ ಬರುವ ನಮ್ಮಂಥವರಿಗೆ ಬಲಗಾಲೇ ಕ್ಷೇಮ.

ಗದ್ದೆಯಲ್ಲಿ ಹತ್ತು ದಿನ ಕಳೆದ ಮೇಲೆ ಮನೆಯವಳನ್ನು ಕರೆದೆ. ಅವಳು ಬದುವಿನಲ್ಲಿ ನಿಂತು ಕಿಟಿಕಿಯಿಂದ ನನ್ನ ಎಡಗಾಲು ಎಲ್ಲಿದೆ ಎಂದು ನೋಡಿದಳು. ಆಮೇಲೆ ಹತ್ತಿದಳು. ಮೊಮ್ಮಗಳು ಈಗ ಹಿಂದಿನ ಸೀಟಿನಲ್ಲಿ, ಬೆಲ್ಟು ಹಾಕಿಯೇ ಕೂರುವುದು. ಕಾರು ಸ್ಟಾರ್ಟ್ ಮಾಡುವ ಮೊದಲು ಅವಳದೊಂದು ಪ್ರಶ್ನೆ ಇದ್ದೇ ಇರುತ್ತದೆ: "ಅಜ್ಜ, ಎಡಗಾಲಿಗೆ ರಜೆಯಾ?"

"ರಜೆ" ಎಂದ ಮೇಲೆಯೇ ನಾನು ಬೀಗದ ಕೈ ತಿರುಗಿಸುವುದು.